ಮೊರದಲ್ಲಿ ಮಲಗಿದ್ದ ತಮ್ಮ

ತಮ್ಮ ಬಿಸಿಲಿಗೆ ಬಾಡಬಹುದಿತ್ತು, ಅವನ ಉಸಿರು ಮತ್ತೆ ನಿಲ್ಲಬಹುದಿತ್ತು, ಮೊರ ಕಂಡು ಕಾವಲುಗಾರ ನಮ್ಮನ್ನು ಆಸ್ಪತ್ರೆಯ ಗೇಟಿನಲ್ಲೇ ತಡೆಯಬಹುದಿತ್ತು. ಡೆಟಾಲ್ ವಾಸನೆ ಬಂದರೆ ಈಗಲೂ ಆ ಚಿಂತೆಗಳ ಪಟ್ಟಿ ನೆನಪಾಗುತ್ತದೆ. ಏಳನೇ ವಯಸ್ಸಿಗೇ ನಾನು ಚಿಂತಿಸುವುದರಲ್ಲಿ ಪಳಗಿದ್ದೆ.

ನೀಲಿಗಟ್ಟಿ ಹುಟ್ಟಿದ್ದ ತಮ್ಮನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿದ್ದ ನರ್ಸಮ್ಮನನ್ನು ಕಾಣಲು ದಾಸರಹಳ್ಳಿಯಿಂದ ಮಧ್ಯಾಹ್ನ ಬಸ್ಸಿನಲ್ಲಿ ಬಂದಿದ್ದೆವು. ಅಜ್ಜಿ ಅವನನ್ನು ಮೊರದಲ್ಲಿ ಮಲಗಿಸಿ ಅವರ ಮಡಿಲಿಗಿಟ್ಟಳು.

"ಉಳಿಸ್ಕೊಟ್ಟೋಳು ನೀನು, ನಾವ್ ಕೊಳ್ಳೋಗಂಟ ಇವ್ನು ನಿನ್ ಮಗ ಕಣವ್ವ. ತೌಡು ಕೊಟ್ಟು ಕೊಂಡ್ಕೋತೀವಿ. ಕೊಂಡ ಕೂಸ್ನ ಜವರಾಯ ಮುಟ್ಟಲ್ಲ."

ನರ್ಸಮ್ಮ ನಕ್ಕರು. ತಮ್ಮ ರೆಪ್ಪೆ ಬಡಿಯದೆ ಅವರನ್ನೇ ನೋಡಿದ. ವಾರ್ಡಿನ ಮಕ್ಕಳ ಅಳು ಒಮ್ಮೆಲೇ ನಿಂತಿತು. ನರ್ಸಮ್ಮನ ನಗುವೂ ನಿಂತಿತು.

"ಬೇಗ ತೌಡು ಕೊಡಿ ಅಜ್ಜಿ," ಎಂದು ಪಿಸುಗುಟ್ಟಿದರು.

ಅಜ್ಜಿ ಅಪ್ಪನನ್ನು ನೋಡಿದಳು, ಅಪ್ಪ ಅಮ್ಮನನ್ನು. ಇಳಿಯುವಾಗ ಮರೆತ ತೌಡಿನ ಗಂಟು ಬಸ್ಸಿನಲ್ಲೇ ಹೋಗಿಬಿಟ್ಟಿತ್ತು.