ಒಂಟಿ ಚಪ್ಪಲಿ

ಗ್ರೀಸಿನ ಯಾವುದೋ ದ್ವೀಪದಲ್ಲಿ ಬಾಡಿಗೆ ಸ್ಕೂಟರ್ ಹತ್ತಿ ಕೂತ ಫೋಟೋವನ್ನು ತಮ್ಮ ಇವತ್ತು ಕಳಿಸಿದ್ದಾನೆ. ನನ್ನ ಕಣ್ಣು ಮೊದಲು ಹೋದದ್ದು ಅವನ ಚಪ್ಪಲಿಗೆ.

ನಾವು ಚಿಕ್ಕವರಿದ್ದಾಗ ಲಿಂಗನಮಕ್ಕಿ ಹಿನ್ನೀರಿನ ದಡಕ್ಕೆ ನಾಲ್ಕು ಚಕ್ರದ ಬೈಕೊಂದು ಬಾಡಿಗೆಗೆ ಬಂದಿತ್ತು. ಅಪ್ಪನ ಜೊತೆ ಒಬ್ಬರಿಗಷ್ಟೇ ಜಾಗ. ಅಪ್ಪ ತಮ್ಮನನ್ನು ಕರೆದ.

"ಮೊದಲ ಸಲ ಹತ್ತೋದು, ಚಪ್ಪಲಿ ಬಿಟ್ಟು ಕೈ ಮುಗಿಯೋ" ಎಂದ. ಬಾಡಿಗೆಯವನು ನಕ್ಕ.

"ನೀ ದೊಡ್ಡವಳಲ್ವಾ, ಇದನ್ನ ಹಿಡ್ಕಾ" ಎಂದು ಅಪ್ಪ ಆ ಚಪ್ಪಲಿಗಳನ್ನು ನನ್ನ ಕೈಗಿಟ್ಟ. ರಬ್ಬರಿನಲ್ಲಿ ತಮ್ಮನ ಕಾಲಿನ ಬಿಸಿ ಇನ್ನೂ ಇತ್ತು. ಅವರಿಬ್ಬರೂ ಧೂಳೆಬ್ಬಿಸುತ್ತ ಮರೆಯಾದದ್ದೇ, ಒಂದನ್ನು ನೀರಿಗೆ ಎಸೆದೆ. ಸುಡುವ ಜಲ್ಲಿಯ ಮೇಲೆ ಕುಂಟಲಿ ಅಂತ.

ಅವನು ಕುಂಟಲಿಲ್ಲ. ಬಸ್‌ಸ್ಟಾಪಿನವರೆಗೂ ಅಪ್ಪ ಅವನನ್ನು ಹೆಗಲ ಮೇಲೆ ಹೊತ್ತ. ಉಳಿದ ಚಪ್ಪಲಿ ಹಿಡಿದು ನಾನು ಹಿಂದೆ ನಡೆದೆ.