ಸರೋವರದ ಒಡತಿಯ ಕೈ

ದೋಣಿಯಲ್ಲಿದ್ದ ರಾಜ ಮತ್ತೆ ಖಡ್ಗವನ್ನು ಜಗ್ಗಿದ. ನೀರಿನೊಳಗಿದ್ದ ಹೆವಿನಾ ಮತ್ತೆ ಹಿಡಿ ಬಿಡಲಿಲ್ಲ. ದೋಣಿ ವಾಲಿ, ರಾಜನ ಕಿರೀಟ ಸರೋವರಕ್ಕೆ ಬಿತ್ತು.

"ಕಟ್!" ನಿರ್ದೇಶಕಿ ಲೌರಿ ದಡದಿಂದ ಕೂಗಿದಳು. "ಹೆವಿನಾ, ಬಿಡೋದಕ್ಕೇನು ಕಷ್ಟ ನಿಂಗೆ? ಬಿಸಿಲು ಹೋಗ್ತಾ ಇದೆ. ಆಗಲ್ಲ ಅಂದ್ರೆ ಹೇಳಿಬಿಡು, ಬೇರೆಯವರನ್ನ ಇಳಿಸ್ತೀನಿ."

ಕಿರೀಟವನ್ನೂ ಎತ್ತಿಕೊಂಡು ಹೆವಿನಾ ಮೇಲೆದ್ದಳು. ವೇಲ್ಸ್‌ನ ಈ ಸರೋವರದಲ್ಲಿ ಮಾಗಿಯಲ್ಲೂ ಈಜುವ ಹೆಂಗಸೆಂದೇ ಊರೊಳಗಿಂದ ಅವಳನ್ನು ಕರೆಸಿದ್ದರು. ಸಿನಿಮಾದಲ್ಲಿ ಕಾಣುವುದು ಅವಳ ಕೈ ಮಾತ್ರ: ಆರ್ಥರ್ ರಾಜನಿಗೆ ಖಡ್ಗ ಕೊಡುವ ಸರೋವರದ ಒಡತಿಯ ಕೈ.

"ಆರ್ಥರನ ಕಥೆನ ಈ ಸಲ ಹೇಳೋದು ಆ ಒಡತೀನೇ ಅಂತ ನೀನೇ ಅಂದೆಯಲ್ಲಮ್ಮ," ಎಂದಳು, ಹಲ್ಲು ಕಟಕಟಿಸುತ್ತ. "ನಮ್ಮೂರಲ್ಲಿ ಒಂದು ಸೌಟು ಬೇಕಾದ್ರೂ ಪಕ್ಕದ್ಮನೆ ಬಾಗಿಲು ತಟ್ಟಿ ಕೇಳ್ತಾರೆ. ಇವನು ಕತ್ತೀನೇ ಕಿತ್ಕೋತಾನೆ!"

ದಡದಲ್ಲಿ ಯಾರೋ ಕಿಸಕ್ಕೆಂದರು. ರಾಜನ ಪಾತ್ರದ ಪಿಯರ್ಸ್ ಕಿರೀಟ ಒರೆಸುತ್ತ ಗೊಣಗಿದ: "ಕೇಳೋಕೆ ನನಗೆ ಡೈಲಾಗೇ ಇಲ್ವಲ್ಲ."

"ಕೇಳೋಕೆ ಬಾಯೇ ಬೇಕೇನಪ್ಪಾ?"

ಲೌರಿ ನಗಲಿಲ್ಲ. ಆ ದೃಶ್ಯವನ್ನು ಬರೆದವಳು ಅವಳೇ. ಕೈಲಿದ್ದ ಹಾಳೆಯಲ್ಲಿ ಒಂದು ಸಾಲು ಹೊಡೆದುಹಾಕಿ, "ಇನ್ನೊಂದು ಸಲ," ಎಂದಳು.

ಹೆವಿನಾ ಮುಳುಗಿ ಖಡ್ಗವನ್ನು ಮೇಲೆತ್ತಿ ಹಿಡಿದಳು. ಯಾರೂ ಜಗ್ಗಲಿಲ್ಲ. ಕಣ್ತೆರೆದು ನೋಡಿದರೆ, ದೋಣಿಯ ನೆರಳಿನ ಪಕ್ಕ, ಬೆರಳ ಗೆಣ್ಣುಗಳು ನೀರಿಗೆ ತಾಗುವಷ್ಟು ಕೆಳಗೆ, ಒಂದು ಅಂಗೈ ಬೇಡುತ್ತ ಚಾಚಿಕೊಂಡಿತ್ತು.

ಅವಳ ಎದೆಯಲ್ಲಿ ಉಸಿರು ಇನ್ನೂ ಬೇಕಾದಷ್ಟಿತ್ತು. ಸ್ವಲ್ಪ ಕಾಯಲಿ, ಎಂದುಕೊಂಡಳು.