ಮುಖ ಕಾಣುವಷ್ಟು ಬೆಳಕು

ಮೂರನೆಯ ದೀಪವನ್ನೂ ವರ್ನಾ ವಾಪಸು ತಳ್ಳಿದಳು. "ಇದೂ ಭಾರ ಡ್ವೇನ್. ಪಿಸ್ತೂಲಿಗೆ ಹಾಕಿದ್ರೆ ನನ್ನ ಕೈ ನಡುಗತ್ತೆ."

ಡ್ವೇನ್ ಬೇಸರ ಮಾಡಿಕೊಳ್ಳಲಿಲ್ಲ. ಬಂದೂಕಿನ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷ ನಿಂತವನಿಗೆ ಬೇಸರ ಅನ್ನುವುದೂ ಸವೆದುಹೋಗಿರುತ್ತದೆ. ಗಾಜಿನ ಕಪಾಟಿನಿಂದ ಇನ್ನೊಂದು ತೆಗೆದ; ಬೆಂಕಿಪೊಟ್ಟಣಕ್ಕಿಂತ ಒಂಚೂರು ದಪ್ಪ, ಅಷ್ಟೆ. ಗಿರಾಕಿಗಳಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದ ನೀಲಿ ಪ್ಲಾಸ್ಟಿಕ್ ಪಿಸ್ತೂಲಿನ ನಳಿಗೆಯ ಕೆಳಗೆ ಅದನ್ನು ಟಕ್ಕಂತ ಕೂರಿಸಿದ.

"ಹಾಗಾದ್ರೆ ಇದು ನಿಮಗೆ ಹೇಳಿ ಮಾಡಿಸಿದ್ದು. ನಳಿಗೆಯಿಂದ ಆಚೆ ಮೂಗು ಚಾಚಲ್ಲ. ಬೆಳಕಿನ ಬಲ ಐನೂರು ಲೂಮೆನ್. ಮನೆಯೊಳಗೆ ಅದಕ್ಕಿಂತ ಜಾಸ್ತಿ ಬೇಡಮ್ಮ, ಬಿಳಿ ಗೋಡೆಗೆ ಬಡಿದು ನಿಮ್ಮ ಕಣ್ಣಿಗೇ ಕತ್ತಲೆ ಕಟ್ಟತ್ತೆ."

"ಮುಖ ಕಾಣತ್ತಾ?"

"ಮುಖದ ಮೇಲಿನ ಮಚ್ಚೇನೂ ಕಾಣತ್ತೆ."

ವರ್ನಾಗೆ ಬೇಕಾಗಿದ್ದದ್ದು ಅಷ್ಟೇ. ಏಪ್ರಿಲ್‌ನಲ್ಲಿ ಎದುರು ಮನೆಗೆ ಕಳ್ಳ ನುಗ್ಗಿದಾಗಿನಿಂದ ಅವಳು ಪಿಸ್ತೂಲನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾಳೆ. ಮಲಗುತ್ತಾಳೆ ಅನ್ನುವುದು ಮಾತಿಗೆ. ಊರಿನ ಸ್ಕೂಲ್ ಬಸ್ಸು ಓಡಿಸಿ ನಿವೃತ್ತನಾದ ಗಂಡ ಹಾರ್ಲನ್‌ಗೆ ಮರೆವಿನ ರೋಗ ಹತ್ತಿ ಎರಡು ವರ್ಷವಾಯಿತು. ರಾತ್ರಿಯೆಲ್ಲ ಬಸ್ಸಿನ ಬೀಗದ ಕೈ ಹುಡುಕುತ್ತ ಮನೆ ತುಂಬ ಓಡಾಡುತ್ತಾನೆ. ದೀಪ ಹಾಕಿಡೋಣವೆಂದರೆ ಬೆಳಗಾಯಿತು ಅಂದುಕೊಂಡು ಬೀದಿಗೇ ಇಳಿಯುತ್ತಾನೆ. ಕಳೆದ ಮಂಗಳವಾರ ಮಲಗುವ ಕೋಣೆಯ ಹೊರಗಿನ ಕತ್ತಲಲ್ಲಿ ಯಾರೋ ನಿಂತಿದ್ದರು. "ಕೈ ಮೇಲೆತ್ತು" ಎಂದು ಅವಳು ಕಿರುಚಿದ್ದಳು. ಬೆರಳು ಟ್ರಿಗರ್ ಮೇಲೇ ಇತ್ತು. ನಿಂತವರು ಕೆಮ್ಮಿದರು. ನಲವತ್ತೊಂದು ವರ್ಷ ಪಕ್ಕದಲ್ಲೇ ಕೇಳಿದ ಕೆಮ್ಮು ಅದು. ಆ ಕೆಮ್ಮು ಬರದೇ ಹೋಗಿದ್ದರೆ ಏನು ಗತಿ ಎಂದು ನಾಲ್ಕು ದಿನದಿಂದ ಅವಳಿಗೆ ಅನ್ನ ನೀರು ಸೇರಿಲ್ಲ. ಪಿಸ್ತೂಲಿಗೇ ಒಂದು ದೀಪವಿದ್ದರೆ ಗಂಡನೋ ಕಳ್ಳನೋ ತಿಳಿಯುತ್ತದೆ, ಅಷ್ಟಾದರೆ ಸಾಕು ಎಂದುಕೊಂಡು ಬಂದಿದ್ದಳು.

ಮನೆಯಲ್ಲಿ ಒಬ್ಬನೇ ಬಿಡಲಾಗದೆ ಅವಳು ಜೊತೆಗೆ ಕರೆತಂದಿದ್ದ ಹಾರ್ಲನ್, ಅಂಗಡಿಯ ಬೂಟುಗಳ ಸಾಲಿನ ಬಳಿಯಿಂದಲೇ ಗದರಿದ. "ಏಯ್ ಡ್ವೇನ್, ಹಿಂದಿನ ಸೀಟಿಗೆ ಹೋಗು. ಕಿಟಕಿಯಿಂದ ಕೈ ಹೊರಗೆ ಹಾಕ್ಬೇಡ."

"ಆಯ್ತು ಯಜಮಾನ್ರೇ," ಎಂದು ನಲವತ್ತೈದರ ಡ್ವೇನ್ ಎರಡು ಹೆಜ್ಜೆ ಹಿಂದೆ ಸರಿದ. ಈ ಊರಿನ ಅರ್ಧ ಜನ ಆ ಬಸ್ಸಿನಲ್ಲಿ ಕೂತು ಬೆಳೆದವರೇ. ಸರಿದವನು ಹಾಗೇ ಕೈ ಚಾಚಿ ಅಂಗಡಿಯ ಹಿಂಭಾಗದ ದೀಪಗಳನ್ನು ಆರಿಸಿದ. "ಆ ಗೋಡೆ ಮೇಲಿನ ಜಿಂಕೆ ತಲೆಗೆ ಹಿಡೀರಿ. ಯಾವುದನ್ನ ನೋಡ್ಬೇಕೋ ಅದಕ್ಕೆ ನೇರ ಗುರಿ. ದೀಪ ಒತ್ತೋದು ಹೆಬ್ಬೆರಳಲ್ಲಿ. ತೋರುಬೆರಳು ಬೇಡ. ಗಾಬರಿಯಲ್ಲಿ ದೀಪ ಒತ್ತಕ್ಕೆ ಹೋಗಿ ಇನ್ನೊಂದನ್ನ ಒತ್ತಿದವರಿದ್ದಾರೆ."

ವರ್ನಾ ಪ್ಲಾಸ್ಟಿಕ್ ಪಿಸ್ತೂಲನ್ನು ಎತ್ತಿ ಹಿಡಿದು ದೀಪ ಒತ್ತಿದಳು. ಜಿಂಕೆಯ ಗಾಜಿನ ಕಣ್ಣುಗಳು ಫಳಕ್ಕೆಂದವು. ಮೂತಿಯ ಒಂದೊಂದು ಕೂದಲೂ ಎಣಿಸುವ ಹಾಗಿತ್ತು. ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಭುಜ ಸಡಿಲವಾಯಿತು. "ಇದೇ ಇರ್ಲಿ," ಎಂದಳು.

ಅಷ್ಟರಲ್ಲಿ ಹಾರ್ಲನ್ ಬೀಗದ ಕೈ ಹುಡುಕುತ್ತ ಬೆಳಕಿಗೆ ಅಡ್ಡ ಬಂದ. ಎಂಥ ಬೆಳಕು ಅದು. ಬೆಳಿಗ್ಗೆ ಅವನಿಗೆ ಕ್ಷೌರ ಮಾಡುವಾಗ ತಾನು ಗದ್ದದ ಕೆಳಗೆ ಬಿಟ್ಟಿದ್ದ ಬಿಳಿ ಕೂದಲು ಅವಳಿಗೆ ಕಂಡಿತು. ಅಂಗಿಯ ಕಾಲರಿಗೆ ತಾಗಿದ್ದ ಕಾಫಿ ಕಲೆ ಕಂಡಿತು. ಹಾರ್ಲನ್ ನಿಂತ. ಹೆದರಿದಂತೇನೂ ಇರಲಿಲ್ಲ. ಚೆನ್ನಾಗಿ ಗೊತ್ತಿರುವ ಕೆಲಸ ಮಾಡುವವನ ಹಾಗೆ ಎರಡೂ ಕೈ ಮೇಲೆತ್ತಿದ.

"ನಾನು ಕಣೇ, ವರ್ನಾ."

"ಸಿಕ್ಕಿಬಿದ್ರಲ್ಲ ಯಜಮಾನ್ರೇ," ಎಂದು ಡ್ವೇನ್ ನಕ್ಕ.

ವರ್ನಾ ತನ್ನ ಚಾಚಿದ ಕೈಯನ್ನೇ ನೋಡುತ್ತಿದ್ದಳು. ಕೈ, ಅದರ ತುದಿಗೆ ಪಿಸ್ತೂಲು, ಅದರಾಚೆ ಗಂಡನ ಎದೆ. ಅವನ ಮುಖ ನೋಡಬೇಕಾದರೆ ಮೊದಲು ಅವನಿಗೆ ಗುರಿ ಇಡಬೇಕು. ದಿನಾ ರಾತ್ರಿ ಇಡಬೇಕು. ಇಷ್ಟು ಸಣ್ಣ ವಿಷಯ ಹೊಳೆಯುವುದಕ್ಕೆ ನಾಲ್ಕು ದೀಪ ಬೇಕಾಯಿತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಪ್ಲಾಸ್ಟಿಕ್ ಪಿಸ್ತೂಲನ್ನು ಮೆಲ್ಲಗೆ ಗಾಜಿನ ಕಪಾಟಿನ ಮೇಲಿಟ್ಟಳು.

"ಬೇಡ ಡ್ವೇನ್."

"ಯಾಕಮ್ಮ, ಮುಖ ಕಾಣಲಿಲ್ವಾ?"

"ಕಾಣ್ತು."

ದೀಪ ಹಾಕಿಸಲೆಂದು ಡಬ್ಬಿಯಲ್ಲಿ ತಂದಿದ್ದ ತನ್ನ ಪಿಸ್ತೂಲನ್ನು ಡಬ್ಬಿಯ ಸಮೇತ ಅವನ ಕಡೆ ಸರಿಸಿದಳು. "ಇದನ್ನ ನಿನ್ನ ಹತ್ರವೇ ಇಟ್ಕೋ. ಮಾರ್ತೀಯೋ, ಬಿಸಾಕ್ತೀಯೋ, ನಿನಗೆ ಬಿಟ್ಟದ್ದು."

"ಕಳ್ಳ ಬಂದ್ರೆ?"

"ಇರೋದನ್ನ ಹೊತ್ಕೊಂಡು ಹೋಗ್ಲಿ. ನನಗೆ ಸಾಕಾಗಿದೆ ಕಣೋ."

ಗಂಡನ ಬೆನ್ನಿಗೆ ಕೈಯಿಟ್ಟು, ನೆಲ ನೋಡುತ್ತಲೇ ಹೊರಗೆ ಕರೆತಂದಳು. ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಅವನನ್ನು ತಮ್ಮ ಪಿಕಪ್ ಟ್ರಕ್ಕಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಎಳೆದು ಕಟ್ಟಲು ಬಗ್ಗಿದಳು. ಬೆಲ್ಟ್ ತೋಳಿಗೆ ಸಿಕ್ಕಿಕೊಂಡಿತು. ತಲೆಯೆತ್ತಿ ನೋಡಿದರೆ ಹಾರ್ಲನ್ ಕೈಗಳೆರಡೂ ಇನ್ನೂ ಮೇಲೇ ಇದ್ದವು.

"ಈಗ ಇಳಿಸ್ಲಾ?" ಎಂದು ಕೇಳಿದ.